ತಲೆಕಡೆಯ ಹಗ್ಗ

ಗ್ರಿಯನಸೇ ದ್ವೀಪದಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ಹೆಸರು ತಿಳಿದು ಆಗಬೇಕಾದದ್ದಾದರೂ ಏನು? ಇರುವ ನಾಲ್ಕೈದು ಹೆಸರುಗಳನ್ನೇ ಅಜ್ಜನಿಂದ ಮೊಮ್ಮಗನಿಗೆ ದಾಟಿಸಿಕೊಂಡು ಬಂದ ಜನ ನಾವು. ದಾರಿಯಲ್ಲಿ ನಿಂತು "ಡೊನಾಲ್ಡ್" ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಇಲ್ಲಿ ಕೇಳುವುದು ಒಂದೇ ಪ್ರಶ್ನೆ: "ನೀನು ಯಾರ ಪೈಕಿ?" ಕೇಳಿಸಿಕೊಂಡವನು ಅಪ್ಪನ ಹೆಸರು ಹೇಳಬೇಕು, ಅಪ್ಪನ ಅಪ್ಪನದು ಹೇಳಬೇಕು, ಹಾಗೆಯೇ ಹಿಂದಕ್ಕೆ ಹೋಗುತ್ತಾ ಇರಬೇಕು. ಎಲ್ಲೋ ಒಂದು ಕಡೆ ಕೇಳಿದವನ ಮುತ್ತಜ್ಜನೂ ಹೇಳಿದವನ ಮುತ್ತಜ್ಜನೂ ಅಣ್ಣತಮ್ಮಂದಿರಾಗಿ ಸಿಕ್ಕೇ ಸಿಗುತ್ತಾರೆ. ಅಲ್ಲಿಗೆ ಮುಖ ಅರಳುತ್ತದೆ, ಒಲೆಯ ಹತ್ತಿರ ಜಾಗ ಆಗುತ್ತದೆ. ಉತ್ತರ ಇಲ್ಲದವನ ಪಾಡೇನು ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆರ್ಚಿ ಬರುವ ತನಕ ಅಂಥವನು ನಮ್ಮಲ್ಲಿ ಇರಲೇ ಇಲ್ಲ.

ಗ್ಲಾಸ್ಗೋ ನಗರದ ಅನಾಥ ಮಕ್ಕಳನ್ನು ದ್ವೀಪಗಳ ಮನೆಗಳಲ್ಲಿ ಸಾಕಲು ಬಿಡುತ್ತಿದ್ದ ಕಾಲ ಅದು. ಆರ್ಚಿಗೆ ಆಗ ಆರು ವರ್ಷ. ದೊಡ್ಡ ಹಡಗು ದಡಕ್ಕೆ ಬರಲಾಗದೆ ದೂರದಲ್ಲೇ ನಿಂತಿತು. ಲಾಕ್ಲನ್ ಸಣ್ಣ ದೋಣಿ ತೆಗೆದುಕೊಂಡು ಹೋಗಿ, ಹುಡುಗನನ್ನು ಇಳಿಸಿಕೊಂಡು, ಮೊಣಕಾಲುದ್ದದ ನೀರಿನಲ್ಲಿ ಹೆಗಲ ಮೇಲೆ ಹೊತ್ತು ತಂದ. ಲಾಕ್ಲನ್ ಮತ್ತು ಅವನ ಅಕ್ಕ ಮಾರ್ಸಲಿ, ಇಬ್ಬರೂ ಮದುವೆಯಾಗದೆ ತಂದೆಯ ಮನೆಯಲ್ಲೇ ಉಳಿದವರು. ಎರಡು ಹಸು, ಒಂದಿಷ್ಟು ಕುರಿ, ಆಲೂಗಡ್ಡೆಯ ಪಾತಿ, ಅಷ್ಟೇ ಅವರ ಸಂಸಾರ. ದಡದಲ್ಲಿ ಕೂತಿದ್ದ ಮುದುಕನೊಬ್ಬ ಹುಡುಗನ ಗಲ್ಲ ಹಿಡಿದು ಕೇಳಿದ.

"ಯಾರ ಪೈಕಿ ಮರಿ ನೀನು?"

ಹುಡುಗನಿಗೆ ನಮ್ಮ ಗೇಲಿಕ್ ಭಾಷೆ ಬಾರದು. ಅಳಲು ಶುರು ಮಾಡಿದ. ಲಾಕ್ಲನ್ ಪ್ಯಾಂಟಿನ ನೀರು ಹಿಂಡುತ್ತಾ ಹೇಳಿದ, "ಯಾರ ಪೈಕೀನೂ ಅಲ್ಲ ಮಾರಾಯ. ಗ್ಲಾಸ್ಗೋದವನು."

ಲಾಕ್ಲನ್ ಒಳ್ಳೆಯವನು, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ಹುಡುಗನಿಗಿಂತ ಮೊದಲೇ ಮನೆ ಮನೆ ತಲುಪಿತು. ಅಂದಿನಿಂದ ಅವನು ಗ್ಲಾಸ್ಗೋ ಆರ್ಚಿ. ಚಿಕ್ಕ ಮಕ್ಕಳ ಬಾಯಲ್ಲಿ ಬರೀ ಗ್ಲಾಸ್ಗೋ.

ಬಂದ ವಾರವೇ ಅವನು ಒಂದು ಎಡವಟ್ಟು ಮಾಡಿದ. ಮಾರ್ಸಲಿ ಅವನನ್ನು ತೋರ್ಕಿಲ್‌ನ ಮನೆಗೆ ಕರೆದುಕೊಂಡು ಹೋಗಿದ್ದಳು. ತೋರ್ಕಿಲ್ ಅವಳಿಗೆ ದೂರದ ದಾಯಾದಿ. ಆಗಿನ್ನೂ ಮೀಸೆ ಚಿಗುರಿದ ಹೊಸತು, ಆದರೂ ಊರ ಹಿರಿಯನ ಹಾಗೆ ಗಂಟಲು ಸರಿ ಮಾಡಿಕೊಂಡು ಮಾತನಾಡುವ ಅಭ್ಯಾಸ. ಅವನ ತಾಯಿ ಬಾರ್ಲಿ ರೊಟ್ಟಿಗೆ ಬೆಣ್ಣೆ ಸವರಿ ಹುಡುಗನ ಮುಂದೆ ಹಿಡಿದು "ತಿಂತೀಯಾ?" ಎಂದು ಸನ್ನೆ ಮಾಡಿದಳು. ಹುಡುಗ ಹೂಂ ಎಂದು ತಲೆಯಾಡಿಸಿ ಕೈ ಚಾಚಿ ತೆಗೆದುಕೊಂಡೇಬಿಟ್ಟ. ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ಆಮೇಲೆ ತೋರ್ಕಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಒಂದೇ ಸಲಕ್ಕೇ! ಅಮ್ಮಾ, ನೋಡಿದ್ಯಾ, ಕೇಳಿ ಬಾಯಿ ಮುಚ್ಚೋದ್ರೊಳಗೆ ರೊಟ್ಟಿ ಒಳಗೆ ಹೋಯ್ತು!"

ಮಾರ್ಸಲಿಯ ಮುಖ ಕೆಂಪಾಯಿತು. ಹುಡುಗನಿಗೆ ಸ್ವಲ್ಪ ಗೇಲಿಕ್ ಬಂದ ಮೇಲೆ, ಒಂದು ದಿನ ಒಲೆಯ ಮುಂದೆ ಕೂರಿಸಿಕೊಂಡು ಪಾಠ ಹೇಳಿದಳು.

"ಏನ್ ಹುಡುಗಾ, ನಾನು ನಿಂಗೆ ಊಟ ಹಾಕಲ್ವಾ? ಕೇಳಿದ ತಕ್ಷಣ ಬಾಯಿಗಿಟ್ಕೊಳ್ಳೋದಾ?"

"ಅವರೇ ಕೇಳಿದ್ರು."

"ಕೇಳ್ತಾರೆ. ಕೇಳೋದು ಅವರ ಮರ್ಯಾದೆ. ಬೇಡ ಅನ್ನೋದು ನಿನ್ನ ಮರ್ಯಾದೆ. ಎರಡನೇ ಸಲ ಕೇಳ್ತಾರೆ, ಆವಾಗ ತಗೋ."

"ಎರಡನೇ ಸಲ ಕೇಳದೇ ಇದ್ರೆ?"

ಮಾರ್ಸಲಿಗೆ ನಗು ತಡೆಯಲಾಗಲಿಲ್ಲ. "ಕೇಳದೇ ಇರೋನು ಈ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ."

ಹುಡುಗ ಪಾಠವನ್ನು ಚೆನ್ನಾಗಿಯೇ ಕಲಿತ. ಎಷ್ಟು ಚೆನ್ನಾಗಿ ಎಂದರೆ, ದ್ವೀಪದ ಆಚೆಯಿಂದ ಬಂದಿದ್ದ ಶಾಲೆಯ ಮೇಷ್ಟರು ಮಧ್ಯಾಹ್ನ "ಸೂಪ್ ಬೇಕಾ?" ಎಂದು ಕೇಳಿದಾಗ ಬೇಡ ಎಂದು ಹೇಳಿ, ಎರಡನೇ ಸಲ ಕೇಳುತ್ತಾರೆಂದು ಕಾದು, ಹಸಿದುಕೊಂಡೇ ಮನೆಗೆ ಬಂದ. ಮಾರ್ಸಲಿ ಅದನ್ನು ಕೇಳಿ ಅವನ ತಲೆ ಸವರಿದಳು. "ಮೇಷ್ಟರಿಗೆ ರೀತಿ ಗೊತ್ತಿಲ್ಲ, ನಿನಗೆ ಗೊತ್ತಿದೆ," ಎಂದಳು. ಅವನು ಆ ದಿನ ಹಸಿವೆಯನ್ನೇ ಮರೆತ. ಆದರೆ ತೋರ್ಕಿಲ್ ಮಾತ್ರ ಆ ರೊಟ್ಟಿಯ ಕಥೆಯನ್ನು ಮದುವೆ ಮನೆಯಿರಲಿ, ಕುರಿ ಉಣ್ಣೆ ಕತ್ತರಿಸುವ ಜಾಗವಿರಲಿ, ಹೇಳುವುದನ್ನು ಬಿಡಲಿಲ್ಲ. ಆರ್ಚಿಗೆ ನಡುವಯಸ್ಸು ಬಂದ ಮೇಲೂ ಆ ಕಥೆಯಲ್ಲಿ ಅವನಿಗೆ ಆರೇ ವರ್ಷ.

ಅವನು ಮಾರ್ಸಲಿಯನ್ನು ಏನೆಂದೂ ಕರೆಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಅವನನ್ನು ವಿಚಾರಿಸಲು ಗ್ಲಾಸ್ಗೋದಿಂದ ಬರುತ್ತಿದ್ದ ಹೆಂಗಸು "ಆಂಟಿ ಅನ್ನು" ಎಂದು ಹೇಳಿಕೊಟ್ಟಿದ್ದಳು. ಆ ಹೆಂಗಸು ಹಡಗು ಹತ್ತಿದ ಕೂಡಲೇ ಆ ಪದವೂ ಹಡಗು ಹತ್ತುತ್ತಿತ್ತು. ಅಮ್ಮ ಎನ್ನೋಣವೆಂದರೆ, ಇವಳು ಬೇಡ ಅಂದುಬಿಟ್ಟರೆ? ಎರಡನೇ ಸಲ ಕೇಳುವ ಧೈರ್ಯ ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ "ಇಲ್ನೋಡಿ", "ಕೇಳಿಸ್ತಾ" ಎಂದೇ ದಿನ ದೂಡಿದ. ಅವಳೂ ಅವನನ್ನು ಮಗ ಎನ್ನಲಿಲ್ಲ. "ಹುಡುಗಾ" ಎನ್ನುತ್ತಿದ್ದಳು. ಅವನ ಕೂದಲು ನರೆತ ಮೇಲೂ ಅವನು ಹುಡುಗನೇ.

ಚಳಿಗಾಲದ ಸಂಜೆಗಳಲ್ಲಿ ಅಕ್ಕಪಕ್ಕದವರು ಲಾಕ್ಲನ್‌ನ ಮನೆಯಲ್ಲಿ ಸೇರುತ್ತಿದ್ದರು. ಸೌದೆಯ ಬದಲು ಜೌಗುನೆಲದಿಂದ ಕೊಯ್ದು ಒಣಗಿಸಿದ ಮಣ್ಣಿನ ಹೆಂಟೆಗಳು ಒಲೆಯಲ್ಲಿ ಕೆಂಪಗೆ ಉರಿಯುತ್ತಿದ್ದವು. ಮಾತು ಸುತ್ತಿ ಬಳಸಿ ಹಳೆಯ ಕಾಲಕ್ಕೇ ಬರುತ್ತಿತ್ತು. ದ್ವೀಪದ ಪಶ್ಚಿಮದಲ್ಲಿ ಒಂದು ಹಾಳೂರಿದೆ. ಕುರಿ ಸಾಕಿದರೆ ಲಾಭವೆಂದು ಜಮೀನ್ದಾರ ಅಲ್ಲಿನ ಜನರನ್ನೆಲ್ಲ ಒಕ್ಕಲೆಬ್ಬಿಸಿ, ಮನೆಗಳ ಸೂರಿಗೆ ಬೆಂಕಿ ಇಡಿಸಿ, ಅರ್ಧ ಜನರನ್ನು ಕೆನಡಾದ ಹಡಗಿಗೆ ತುಂಬಿ ಕಳಿಸಿದ್ದ. ಉಳಿದ ಅರ್ಧ ಕಲ್ಲುಮುಳ್ಳಿನ ಈ ಪೂರ್ವದ ಕಡೆ ಬಂದು ಬದುಕಿದರು. ಒಬ್ಬೊಬ್ಬರೂ ತಮ್ಮ ವಂಶದ ಸಾಲು ಹೇಳುತ್ತಾ ಹೋಗಿ, ಆ ಹಾಳೂರಿನ ಯಾವುದೋ ಒಂದು ಒಲೆಗಲ್ಲಿಗೆ ಬಂದು ನಿಲ್ಲಿಸುತ್ತಿದ್ದರು. ಸರದಿ ಹುಡುಗನ ಹತ್ತಿರ ಬಂದಾಗ ಎಲ್ಲರೂ ಒಲೆಯನ್ನೇ ನೋಡುವರು. ಆಗ ಮಾರ್ಸಲಿ, "ಹುಡುಗಾ, ಎರಡು ಹೆಂಟೆ ಹಾಕು, ಬೆಂಕಿ ಸಣ್ಣಗಾಯ್ತು," ಎನ್ನುತ್ತಿದ್ದಳು. ಬೆಂಕಿ ಸಣ್ಣಗೇನೂ ಆಗಿರುತ್ತಿರಲಿಲ್ಲ.

ಹಗಲು ಕುರಿ ಹೊಡೆದುಕೊಂಡು ಆ ಹಾಳೂರಿಗೆ ಹೋಗುವುದೆಂದರೆ ಆರ್ಚಿಗೆ ಇಷ್ಟ. ಮುರಿದ ಗೋಡೆಗಳು, ಗೋಡೆಯೊಳಗೆ ಬೆಳೆದ ಹುಲ್ಲು, ಸಮುದ್ರದ ಸದ್ದು. ಅಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಯಾರೂ ಏನೂ ಕೇಳುತ್ತಿರಲಿಲ್ಲ. ಯಾವ ಮನೆ ಯಾರದೆಂದು ಅವನಿಗೆ ಬಾಯಿಪಾಠ. ಒಂದೇ ಒಂದು ಮನೆ, ತೊರೆಯ ಪಕ್ಕದ್ದು, ಯಾರದೆಂದು ತಿಳಿಯದು.

"ಆ ಮನೆ ಯಾರ್ದು?" ಎಂದು ಲಾಕ್ಲನ್‌ನನ್ನು ಕೇಳಿದ್ದ.

"ಅದೊಂದು ಮನೆಯೋರ ಹೆಸರು ಉಳೀಲಿಲ್ಲ ಹುಡುಗಾ. ಎಲ್ರೂ ಹಡಗು ಹತ್ತಿದ್ರು ಅಂತ ಕಾಣುತ್ತೆ."

ಆರ್ಚಿ ಆ ಮನೆಯನ್ನು ತನ್ನದೆಂದುಕೊಂಡ. ಬುತ್ತಿ ಬಿಚ್ಚುತ್ತಿದ್ದುದು ಅದರ ಹೊಸ್ತಿಲ ಮೇಲೆಯೇ. ದೊಡ್ಡವನಾದ ಮೇಲೂ ಅದನ್ನು ಬಿಡಲಿಲ್ಲ, ಯಾರಿಗೂ ಹೇಳಲೂ ಇಲ್ಲ.

ಹರೆಯದಲ್ಲಿ ಡೋಲಿನಾ ಎಂಬ ಹುಡುಗಿಯ ಮೇಲೆ ಅವನಿಗೆ ಮನಸ್ಸಾಗಿತ್ತು. ಅವಳಿಗೂ ಇತ್ತು ಎಂದೇ ಎಲ್ಲರೂ ಹೇಳುತ್ತಾರೆ. ಅವಳ ತಾಯಿ ಮಾತ್ರ ಅಡ್ಡ ಬಂದಳು. "ಹುಡುಗ ಬಂಗಾರದಂಥವನೇ, ಇಲ್ಲ ಅಂದೋರ್ಯಾರು? ನಾಳೆ ಮೊಮ್ಮಕ್ಕಳನ್ನ ಯಾರ ಪೈಕಿ ಅಂತ ಕೇಳಿದ್ರೆ ಏನ್ ಹೇಳೋದು? ಹಡಗಿನ ಪೈಕಿ ಅನ್ನೋದಾ?" ಡೋಲಿನಾ ಇನ್ವರ್ನೆಸ್ ಪಟ್ಟಣದ ಅಂಗಡಿಯವನೊಬ್ಬನನ್ನು ಮದುವೆಯಾಗಿ ಹೋದಳು. ಆ ಅಂಗಡಿಯವನ ಅಜ್ಜ ಯಾರೆಂದು ಇವತ್ತಿಗೂ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನು ಕೇಳುವ ಗೋಜಿಗೆ ಆ ತಾಯಿ ಹೋಗಲಿಲ್ಲ, ಅಳಿಯ ಕಾರು ಇಟ್ಟಿದ್ದ ನೋಡಿ.

ಆರ್ಚಿ ಸಿಟ್ಟಿಗೆದ್ದು ಹಡಗಿನ ಕೆಲಸಕ್ಕೆ ಸೇರಿದ. ಒಮ್ಮೆ ಗ್ಲಾಸ್ಗೋದಲ್ಲಿ ಹಡಗು ನಿಂತಾಗ ತಾನು ಹುಟ್ಟಿದ ಬೀದಿಯನ್ನು ಹುಡುಕಿಕೊಂಡು ಹೋದ. ಬೀದಿ ಕೆಡವಿ ಹಾಕಿದ್ದರು. ಪಕ್ಕದ ಹೋಟೆಲಿನಲ್ಲಿ ಟೀ ಕೇಳಿದರೆ, ಅವನ ಮಾತು ಕೇಳಿದ ಹೆಂಗಸು ಅಡುಗೆಮನೆಯ ಕಡೆ ತಿರುಗಿ ಕೂಗಿದಳು, "ದ್ವೀಪದೋನು ಒಬ್ಬ ಬಂದಿದ್ದಾನೆ ಕಣೇ, ಏನಂತಿದ್ದಾನೋ ಒಂದೂ ಅರ್ಥ ಆಗ್ತಿಲ್ಲ!" ಅಲ್ಲಿ ದ್ವೀಪದವನು, ದ್ವೀಪದಲ್ಲಿ ಗ್ಲಾಸ್ಗೋದವನು. ಅವನು ಟೀ ಅರ್ಧಕ್ಕೇ ಬಿಟ್ಟು ಎದ್ದ.

ಅವನು ದೂರದ ಕಡಲಲ್ಲಿದ್ದಾಗಲೇ ಲಾಕ್ಲನ್ ತೀರಿಕೊಂಡ. ಸುದ್ದಿ ತಿಳಿದು ಬರುವ ಹೊತ್ತಿಗೆ ಮಣ್ಣು ಆರಿತ್ತು. ನಮ್ಮಲ್ಲಿ ಹೆಣವನ್ನು ಗಾಡಿಯಲ್ಲಿ ಒಯ್ಯುವುದಿಲ್ಲ. ಊರ ಗಂಡಸರು ಎರಡು ಸಾಲಾಗಿ ನಿಂತು, ಸರದಿಯ ಮೇಲೆ ಹೊತ್ತು, ಕಡಲ ದಂಡೆಯ ಸ್ಮಶಾನದ ತನಕ ನಡೆಯುತ್ತಾರೆ. ಹೆಂಗಸರು ಮನೆಯ ಗೇಟಿನಲ್ಲೇ ಉಳಿಯುತ್ತಾರೆ. ಹೆಣದ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ ಸುತ್ತಲೂ ಹಗ್ಗಗಳು. ಒಂದೊಂದನ್ನು ಒಬ್ಬೊಬ್ಬ ನೆಂಟ ಹಿಡಿಯಬೇಕು. ತಲೆಕಡೆಯ ಹಗ್ಗ ಮಗನದು. ಮಗನಿಲ್ಲದಿದ್ದರೆ ರಕ್ತದಲ್ಲಿ ಅತಿ ಹತ್ತಿರದ ಗಂಡಸಿನದು. ಪೆಟ್ಟಿಗೆಯ ಹಿಂದೆ ಮೊದಲಿಗನಾಗಿ ನಡೆಯುವವನೂ ಅವನೇ. ಲಾಕ್ಲನ್‌ನ ತಲೆಕಡೆಯ ಹಗ್ಗವನ್ನು ಇನ್ವರ್ನೆಸ್‌ನಿಂದ ಬಂದ ಅವನ ತಂಗಿಯ ಮಗ ಹಿಡಿದನಂತೆ. ನಯವಾದ ಬೂಟು ಹಾಕಿಕೊಂಡು ಬಂದವನು ಕೆಸರಿನಲ್ಲಿ ಜಾರಿ ಅವನೇ ಗುಂಡಿಗೆ ಬೀಳುವುದರಲ್ಲಿದ್ದನಂತೆ.

ಮಾರ್ಸಲಿ ಅದನ್ನೆಲ್ಲ ಹೇಳಿ, ಲಾಕ್ಲನ್‌ನ ತೇಪೆ ಹಾಕಿದ ಸ್ವೆಟರನ್ನು ಮಡಿಸಿಡುತ್ತಾ, "ಆವತ್ತು ನೀನಿರ್ಲಿಲ್ಲ ಹುಡುಗಾ," ಎಂದಳು. ಅಷ್ಟೇ.

ಆ ಮಾತು ಆರ್ಚಿಯ ಎದೆಯಲ್ಲಿ ನಾಟಿಕೊಂಡಿತು. ಇದ್ದಿದ್ದರೆ? ಇದ್ದಿದ್ದರೆ ಹಗ್ಗ ತನ್ನ ಕೈಗೆ ಬರುತ್ತಿತ್ತು ಎಂದು ಹೇಳಿದಳೋ, ಸುಮ್ಮನೆ ಹೊರಲು ಒಂದು ಹೆಗಲು ಕಡಿಮೆಯಾಯಿತು ಎಂದು ಹೇಳಿದಳೋ? ಅವನು ಮತ್ತೆ ಹಡಗು ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಎಂದು ಕೇಳಿದವರಿಗೆ ಸೊಂಟ ನೋವು ಎಂದ. ನಿಜವಾದ ಕಾರಣ ಅವನಿಗೊಬ್ಬನಿಗೇ ಗೊತ್ತು: ಮಾರ್ಸಲಿ ಹೋಗುವ ದಿನ ತಾನು ಇರಬೇಕು, ತಲೆಕಡೆಯ ಹಗ್ಗ ತಾನೇ ಹಿಡಿಯಬೇಕು. ಇಡೀ ಊರು ಎರಡು ಸಾಲಾಗಿ ನಿಂತು ನೋಡುವಾಗ ಅವಳ ಹಿಂದೆ ಮೊದಲಿಗನಾಗಿ ನಡೆದರೆ, ಆಮೇಲೆ ಯಾರ ಪೈಕಿ ಎಂದು ಯಾರೂ ಕೇಳುವ ಹಾಗಿಲ್ಲ. ಬದುಕಿನಲ್ಲಿ ಅವನು ಆಸೆಪಟ್ಟದ್ದು ಅದೊಂದನ್ನೇ. ಅದಕ್ಕಾಗಿ ಮೊದಲು ಅವಳು ಸಾಯಬೇಕು ಎಂಬುದು ಹೊಳೆದಾಗಲೆಲ್ಲ ಅವನಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು.

ಅವರಿಬ್ಬರೇ ಆ ಮನೆಯಲ್ಲಿ ಬಹಳ ವರ್ಷ ಕಳೆದರು. ಮಾರ್ಸಲಿಯ ಕಣ್ಣು ಮಂಜಾಯಿತು, ಬೆರಳು ಸೊಟ್ಟಗಾದವು. ಅಡುಗೆ, ಬಟ್ಟೆ, ಕೊನೆಗೆ ಹಾಲು ಕರೆಯುವುದೂ ಆರ್ಚಿಯ ಪಾಲಿಗೆ ಬಂತು. ಗಂಡಸು ಹಸುವಿನ ಕೆಚ್ಚಲಿಗೆ ಕೈ ಹಾಕುವುದು ನಮ್ಮಲ್ಲಿ ನಗೆಪಾಟಲು. ಅಷ್ಟು ಹೊತ್ತಿಗೆ ಚರ್ಚಿನ ಹಿರಿಯನಾಗಿದ್ದ ತೋರ್ಕಿಲ್ ಬೇಲಿಯಾಚೆ ನಿಂತು ಕೂಗುತ್ತಿದ್ದ.

"ಏನೋ ಗ್ಲಾಸ್ಗೋ, ಹಾಲು ಕರೀತಿದ್ದೀಯಾ? ನಾಳೆ ಒಂದು ಲಂಗಾನೂ ಹೊಲಿಸ್ಕೊಂಡ್ಬಿಡು!"

"ನಿಮ್ಮ ಹೆಂಡ್ತಿದು ಹಳೇದೊಂದು ಇದ್ರೆ ಕಳ್ಸಿ ತೋರ್ಕಿಲ್," ಎನ್ನುತ್ತಿದ್ದ ಆರ್ಚಿ, ತಲೆಯೆತ್ತದೆ.

ಒಳಗೆ ಮಂಚದ ಮೇಲಿಂದ ಮಾರ್ಸಲಿ ನಗುವುದು ಕೇಳಿಸುತ್ತಿತ್ತು. ಆ ನಗು ಕೇಳಿದ ದಿನ ಅವನಿಗೆ ಬೇರೇನೂ ಬೇಕಿರಲಿಲ್ಲ. ಯಾರಾದರೂ ಮನೆಗೆ ಬಂದರೆ ಅವಳು ಮಂಚದಿಂದಲೇ ಉಪಚಾರ ನಡೆಸುವಳು. ಬಂದವರು ಬೇಡ ಎಂದ ಕೂಡಲೇ, "ಹುಡುಗಾ, ಮತ್ತೆ ಕೇಳು. ಒಂದೇ ಸಲ ಕೇಳಿ ಕಳಿಸೋ ಮನೆ ಅಲ್ಲ ಇದು," ಎಂದು ಗದರಿಸುವಳು.

ಫೆಬ್ರವರಿಯ ಒಂದು ಗುರುವಾರ, ಬೆಳಗಿನ ಗಂಜಿ ತೆಗೆದುಕೊಂಡು ಹೋದಾಗ ಅವಳು ಎದ್ದಿರಲಿಲ್ಲ. ಆರ್ಚಿ ಬಟ್ಟಲನ್ನು ಕೆಳಗಿಟ್ಟು, ಅವಳ ಕೈಯನ್ನು ಹೊದಿಕೆಯೊಳಗೆ ಸೇರಿಸಿ, ಪಕ್ಕದ ಮನೆಯ ಎಫಿಯನ್ನು ಕರೆಯಲು ಹೋದ. ಬಾಗಿಲು ತೆಗೆದ ಎಫಿಗೆ ಅವನ ಮುಖ ನೋಡಿಯೇ ಗೊತ್ತಾಯಿತು. "ಅಯ್ಯೋ ನನ್ನಪ್ಪಾ," ಎಂದು ಅವನ ತೋಳು ಹಿಡಿದುಕೊಂಡಳು. ಅವನಿಗೆ ಅಳು ಬರಲಿಲ್ಲ. ಹಸುವಿನ ಹಾಲು ಕರೆದಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಗಾಳಿ ಎದ್ದದ್ದು ಆವತ್ತೇ. ಶುಕ್ರವಾರದ ಹೊತ್ತಿಗೆ ಕಡಲು ಬಿಳಿಯ ನೊರೆಯಾಗಿ ಕುದಿಯುತ್ತಿತ್ತು. ದೋಣಿಯೂ ಇಲ್ಲ, ವಿಮಾನವೂ ಇಲ್ಲ. ಇನ್ವರ್ನೆಸ್‌ನ ತಂಗಿಯ ಮಗ ಫೋನು ಮಾಡಿ, ಬರಲು ಆಗುತ್ತಿಲ್ಲ, ತನಗಾಗಿ ಕಾಯಬೇಡಿ ಎಂದ. ಭಾನುವಾರ ನಮ್ಮಲ್ಲಿ ಗುದ್ದಲಿ ಮುಟ್ಟುವ ಹಾಗಿಲ್ಲ. ಶನಿವಾರವೇ ಮಣ್ಣು ಮಾಡುವುದೆಂದು ತೋರ್ಕಿಲ್ ತೀರ್ಮಾನಿಸಿದ. ತಂಗಿಯ ಮಗ ಬರುವುದಿಲ್ಲ ಎಂದು ಕೇಳಿದಾಗ ಆರ್ಚಿಗೆ ಮೊದಲು ನೆನಪಾದದ್ದು ತಲೆಕಡೆಯ ಹಗ್ಗ. ಅವನು ಹೊರಗೆ ಹೋಗಿ ಕೊಟ್ಟಿಗೆಯಲ್ಲಿ ಹಸುವಿನ ಕೊರಳಿಗೆ ಹಣೆ ಒತ್ತಿ ಬಹಳ ಹೊತ್ತು ನಿಂತ.

ಶನಿವಾರ ಬೆಳಿಗ್ಗೆ ಗಂಡಸರೆಲ್ಲ ಗೇಟಿನ ಹೊರಗೆ ಟೊಪ್ಪಿ ಕೈಯಲ್ಲಿ ಹಿಡಿದು ಎರಡು ಸಾಲಾಗಿ ನಿಂತರು. ಒಳಗೆ ಕೀರ್ತನೆ ಮುಗಿದು ಪೆಟ್ಟಿಗೆ ಹೊರಗೆ ಬಂದಿತ್ತು. ತೋರ್ಕಿಲ್ ಒಬ್ಬೊಬ್ಬರ ಹತ್ತಿರವೂ ಹೋಗಿ, ಕಿವಿಯ ಬಳಿ ಬಾಗಿ, ಯಾರಿಗೆ ಯಾವ ಹಗ್ಗ ಎಂದು ಹೇಳುತ್ತಾ ಬಂದ. ಪಾದದ ಕಡೆ ಇಂಥವನು, ಎಡಕ್ಕೆ ಇಂಥವನು. ಆರ್ಚಿ ಸಾಲಿನ ಕೊನೆಯಲ್ಲಿದ್ದ. ಲಾಕ್ಲನ್‌ನ ಕಪ್ಪು ಕೋಟನ್ನು ಉಗುರಿನಲ್ಲಿ ಕೆರೆದು ಶುಚಿ ಮಾಡಿ ಹಾಕಿಕೊಂಡಿದ್ದ. ಎಲ್ಲ ಹಗ್ಗಗಳನ್ನೂ ಹಂಚಿ, ಕೊನೆಗೆ ತೋರ್ಕಿಲ್ ಅವನ ಮುಂದೆ ಬಂದು ನಿಂತ. ಗಂಟಲು ಸರಿ ಮಾಡಿಕೊಂಡ.

"ಆರ್ಚಿ. ತಲೆಕಡೆ ಹಗ್ಗ ನೀನು ಹಿಡೀತೀಯೇನಪ್ಪಾ?"

ಎಷ್ಟೋ ವರ್ಷಗಳಿಂದ ಕಾದ ಮಾತು. ಆರ್ಚಿ ಬಾಯಿ ತೆರೆದ. ಆ ಬಾಯಿಂದ ಬಂದದ್ದು ಒಲೆಯ ಮುಂದೆ ಕೂತು ಕಲಿತ ಪಾಠ.

"ಬೇಡ ತೋರ್ಕಿಲ್. ನೀವಿದ್ದೀರಲ್ಲ, ರಕ್ತಸಂಬಂಧ."

ಹೇಳಿ ನೆಲ ನೋಡಿದ. ಕಾಯ್ದ. ಈಗ ಕೇಳುತ್ತಾನೆ. ಗಾಳಿಯಲ್ಲಿ ತೋರ್ಕಿಲ್‌ನ ಕೋಟಿನ ಅಂಚು ಪಟಪಟ ಬಡಿಯುತ್ತಿತ್ತು. "ಹಾಗಲ್ಲ ಆರ್ಚಿ, ನೀನೇ ಹಿಡಿ," ಎಂದು ಹೇಳಲು ಎಷ್ಟು ಹೊತ್ತು ಬೇಕು? ಆರ್ಚಿ ಆಗಲೇ ಹೂಂ ಅನ್ನಲು ತಯಾರಾಗಿದ್ದ, ಹೂಂ ತುಟಿಯ ಹಿಂದೆಯೇ ಇತ್ತು.

"ಸರಿ ಹಾಗಾದ್ರೆ," ಎಂದ ತೋರ್ಕಿಲ್. ತಲೆಯಾಡಿಸಿ ಹೋಗಿ ಪೆಟ್ಟಿಗೆಯ ತಲೆಕಡೆ ತಾನೇ ನಿಂತ.

ಸಾಲು ಹೊರಟಿತು. ಆರ್ಚಿಯ ಕಾಲುಗಳೂ ಹೊರಟವು. ಕರೆದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೆಣ ಎತ್ತಿದ ಮೇಲೆ ನಮ್ಮಲ್ಲಿ ಮಾತಿಲ್ಲ. ಇದ್ದಿದ್ದರೂ ಅವನು ಹೇಳುತ್ತಿರಲಿಲ್ಲ. ಮೊದಲ ಸಲವೇ ಕೈ ಚಾಚಿದ ರೊಟ್ಟಿಯ ಕಥೆ ಒಂದೇ ಸಾಲದೆ?

ಸರದಿ ಬಂದಾಗ ಎಲ್ಲರ ಹಾಗೆ ಅವನೂ ಹೊತ್ತ, ಸರದಿ ಮುಗಿದಾಗ ಎಲ್ಲರ ಹಾಗೆ ಪಕ್ಕಕ್ಕೆ ಸರಿದ. ಗುಂಡಿಯ ಅಂಚಿನಲ್ಲಿ ತೋರ್ಕಿಲ್ ಹಗ್ಗವನ್ನು ಸಲೀಸಾಗಿ ಇಳಿಬಿಟ್ಟ. ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಆರ್ಚಿ ಮೂರನೇ ಸಾಲಿನಲ್ಲಿ ನಿಂತು ಮುಂದಿನವರ ಬೆನ್ನುಗಳ ನಡುವಿನಿಂದ ನೋಡಿದ. ಪೆಟ್ಟಿಗೆ ಕೆಳಗೆ ಹೋದದ್ದು ಅವನಿಗೆ ಸರಿಯಾಗಿ ಕಾಣಲೂ ಇಲ್ಲ.

ಮಣ್ಣು ಮುಚ್ಚುವ ಕೆಲಸ ಯಾರು ಬೇಕಾದರೂ ಮಾಡಬಹುದು. ಆರ್ಚಿ ಹೋಗಿ ಸಲಿಕೆ ಹಿಡಿದ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಬಂದು "ಕೊಡು, ನಾನು ಹಾಕ್ತೀನಿ," ಎಂದ. ಬೇಡ ಎಂದ ಆರ್ಚಿ. ಅವನು ಮತ್ತೆ ಕೇಳಿದ. ಬೇಡ. ಮೂರನೆಯ ಸಲವೂ ಕೇಳಿದ, ಸಲಿಕೆಗೆ ಇಷ್ಟೊಂದು ಉಪಚಾರ! ಆರ್ಚಿ ಮಣ್ಣು ಎಳೆಯುತ್ತಲೇ ಇದ್ದ. ಬೆವರು, ಕಣ್ಣೀರು, ಗಾಳಿ ತಂದ ಕಡಲ ನೀರು, ಮುಖದ ಮೇಲೆ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಹಿಂದೆ ಇಬ್ಬರು ಮಾತನಾಡುವುದು ಕೇಳಿಸಿತು. ಒಬ್ಬ ದಕ್ಷಿಣದ ತುದಿಯ ಯುವಕ, ಇತ್ತೀಚೆಗೆ ಊರಿಗೆ ಮರಳಿದವನು.

"ಆತ ಯಾರ ಪೈಕಿ?"

"ಯಾರ ಪೈಕೀನೂ ಅಲ್ಲ. ಗ್ಲಾಸ್ಗೋದವನು. ಮಾರ್ಸಲಿ ಮನೇಲಿದ್ದ."

ಇದ್ದ. ಆರ್ಚಿ ಕೊನೆಯ ಹುಲ್ಲುಹೆಂಟೆಯನ್ನೂ ತಾನೇ ಇಟ್ಟು, ಅಂಗೈಯಿಂದ ಒತ್ತಿ ಸಮ ಮಾಡಿ, ಎಲ್ಲರೂ ಹೋದ ಮೇಲೆ ಹೊರಟ.

ಮನೆಯಲ್ಲಿ ಎಫಿ ಬೆಂಕಿ ಕೆದಕಿ, ಕೆಟಲ್ ಇಟ್ಟು, ನೆಲ ಗುಡಿಸಿ ಹೋಗಿದ್ದಳು. ಮಂಚದ ಹಾಸಿಗೆ ಸುತ್ತಿಟ್ಟಿತ್ತು. ಆರ್ಚಿ ಹಾಲು ಕರೆದು ತಂದ, ಯಾರಿಗೆಂದು ತೋಚದೆ ಮುಚ್ಚಿಟ್ಟ. ಹೊರಗೆ ಇನ್ನೂ ಬೆಳಕಿತ್ತು. ಅವನು ಸ್ಟೂಲಿನ ಮೇಲೆ ಕೂತ. ಮಾರ್ಸಲಿಯ ಕುರ್ಚಿಯಲ್ಲಿ ಕೂರಲಿಲ್ಲ.

ಬಾಗಿಲು ತೆಗೆದುಕೊಂಡು ತೋರ್ಕಿಲ್ ಬಂದ. ಸತ್ತವರ ಮನೆಗೆ ಹಿರಿಯನಾದವನು ಬಂದು ಎರಡು ಮಾತಾಡಿ ಹೋಗಬೇಕು, ಅದು ರೀತಿ. ಬೆಂಚಿನ ಅಂಚಿನಲ್ಲಿ ಕೂತು, ಟೊಪ್ಪಿಯನ್ನು ಮೊಣಕಾಲ ಮೇಲಿಟ್ಟುಕೊಂಡ.

"ಒಳ್ಳೇ ಹೆಂಗಸು," ಎಂದ.

"ಹೌದು."

"ಗಾಳಿ ಸ್ವಲ್ಪ ಇಳೀತು."

"ಇಳೀತು. ಟೀ ಕುಡೀತೀರಾ?"

"ಬೇಡಪ್ಪ, ಬೇಡ. ಈಗ್ತಾನೆ ಕುಡ್ಕೊಂಡು ಬಂದೆ."

ಕೆಟಲ್ ಬುಸುಗುಡುತ್ತಿತ್ತು. ಆರ್ಚಿ ಕೂತಲ್ಲೇ ಕೂತಿದ್ದ, ಏಳಲಿಲ್ಲ, ಬಾಯಿ ಬಿಡಲಿಲ್ಲ. ತೋರ್ಕಿಲ್ ಕೆಟಲ್ ನೋಡಿದ, ಆರ್ಚಿಯನ್ನು ನೋಡಿದ, ಮತ್ತೆ ಕೆಟಲ್ ನೋಡಿದ. ಟೊಪ್ಪಿಯನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ವರ್ಗಾಯಿಸಿದ. ಇಷ್ಟು ವಯಸ್ಸಿನಲ್ಲಿ ಯಾವ ಮನೆಯಲ್ಲೂ ಅವನಿಗೆ ಹೀಗಾಗಿರಲಿಲ್ಲ. ಮೊದಲು ಗಲಿಬಿಲಿ, ಆಮೇಲೆ ಸಿಟ್ಟು ಮುಖದಲ್ಲಿ ಹಾದುಹೋದವು. ಆಮೇಲೆ ಅವನ ಬಣ್ಣವೇ ಇಳಿಯಿತು.

"ಆರ್ಚಿ," ಎಂದ ಮೆಲ್ಲಗೆ. "ಬೆಳಿಗ್ಗೆ ಗೇಟಿನ ಹತ್ರ ನೀನು ಬೇಡ ಅಂದ್ಯಲ್ಲ..."

"ಮೊದಲನೇ ಸಲದ ಬೇಡ ಅದು."

ತೋರ್ಕಿಲ್ ಮುಖ ಒರೆಸಿಕೊಂಡ. "ನೀನು ಗ್ಲಾಸ್ಗೋದವನು. ಗ್ಲಾಸ್ಗೋದೋರು ಬೇಡ ಅಂದ್ರೆ ಬೇಡ ಅಂತಲೇ ಅಂದ್ಕೊಂಡೆ ಕಣೋ. ನಮ್ಮೋನಾಗಿದ್ರೆ ಮತ್ತೆ ಕೇಳ್ತಿದ್ದೆ."

"ನಾನು ಗ್ಲಾಸ್ಗೋದಲ್ಲಿದ್ದಿದ್ದು ಆರೇ ವರ್ಷ ತೋರ್ಕಿಲ್."

ಮುದುಕನ ಗಂಟಲಿನಿಂದ ಎಂದಿನ ಹಿರಿಯನ ದನಿ ಹೊರಡಲಿಲ್ಲ.

"ಎರಡನೇ ಸಲ ಕೇಳ್ಬೇಕಿತ್ತು ನಾನು."

"ಹೌದು. ಕೇ‍ಳ್ಬೇಕಿತ್ತು."

ಸಮಾಧಾನದ ಮಾತು ಆರ್ಚಿ ಹೇಳಲಿಲ್ಲ. ಪರವಾಗಿಲ್ಲ ಎನ್ನಲಿಲ್ಲ. ಪರವಾಗಿಲ್ಲ ಎನ್ನುವಂಥದ್ದಾಗಿರಲಿಲ್ಲ ಅದು. ಮಣ್ಣು ಮುಚ್ಚಿಯಾಗಿತ್ತು, ಆ ಹಗ್ಗವನ್ನು ಇನ್ನು ಯಾರೂ ಯಾರ ಕೈಗೂ ಕೊಡುವ ಹಾಗಿರಲಿಲ್ಲ. ತೋರ್ಕಿಲ್ ಬೆಂಚು ಹಿಡಿದುಕೊಂಡು ಎದ್ದ, ಟೊಪ್ಪಿ ತಲೆಗಿಡಲೂ ತೋಚದೆ ಬಾಗಿಲ ಕಡೆ ನಡೆದ. ಅಗುಳಿಗೆ ಕೈ ಹಾಕಿದಾಗ ಆರ್ಚಿ ಕೂತಲ್ಲಿಂದಲೇ ಕರೆದ.

"ಕೂತ್ಕೊಳ್ಳಿ ತೋರ್ಕಿಲ್. ಟೀ ಕುಡ್ಕೊಂಡೇ ಹೋಗಿ. ಒಂದೇ ಸಲ ಕೇಳಿ ಕಳಿಸಿದ್ರೆ ಅಮ್ಮ ಸುಮ್ನಿರ್ತಿರ್ಲಿಲ್ಲ."

ಆ ಪದ ಬಂದದ್ದು ಅವನಿಗೆ ಆಮೇಲೆ ಗೊತ್ತಾಯಿತು. ತೋರ್ಕಿಲ್‌ಗೂ ಗೊತ್ತಾಯಿತು. ಅವನು ಹಿಂತಿರುಗಿ ಬಂದು ಕೂತ. ಆರ್ಚಿ ಎರಡು ಬಟ್ಟಲು ಇಳಿಸಿ, ಆ ಸಂಜೆ ಕರೆದ ಹಾಲನ್ನೇ ಹಾಕಿ ಟೀ ಕೊಟ್ಟ. ಮುದುಕ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ತಳದ ತನಕ ಕುಡಿದು, ಬಾಗಿಲಲ್ಲಿ ಒಮ್ಮೆ ಆರ್ಚಿಯ ಭುಜ ಒತ್ತಿ ಹೋದ.

ಆರ್ಚಿ ಬಟ್ಟಲುಗಳನ್ನು ತೊಳೆದು ಮತ್ತೆ ಹಲಗೆಯ ಮೇಲಿಟ್ಟ. ಬೆಂಕಿ ಸಣ್ಣಗಾಗಿರಲಿಲ್ಲ, ಆದರೂ ಎರಡು ಹೆಂಟೆ ಹಾಕಿದ. ಆಮೇಲೆ ಸುತ್ತಿಟ್ಟ ಹಾಸಿಗೆಯ ಕಡೆ ತಿರುಗಿ ಆ ಪದವನ್ನು ಇನ್ನೊಂದು ಸಲ ಹೇಳಿ ನೋಡಿದ. ಮನೆಯಲ್ಲಿ ಹುಡುಗಾ ಎನ್ನುವವರು ಯಾರೂ ಇರಲಿಲ್ಲ.